ಆಡ್ತೈತೇನು ಎಂದು ಕೇಳುತ್ತಿದ್ದವರು

ಅವರ ಖಾಕಿ ಪ್ಯಾಂಟಿನ ಎರಡೂ ಮೊಣಕಾಲುಗಳ ಮೇಲೆ ಅಂಗೈ ಅಗಲದ ತೇಪೆ ಇರುತ್ತಿತ್ತು. ಪ್ಯಾಂಟು ಹೊಸದಾದರೂ ತೇಪೆ ತಪ್ಪುತ್ತಿರಲಿಲ್ಲ. ಇಲಾಖೆ ಕೊಟ್ಟ ಬಟ್ಟೆಯನ್ನು ದರ್ಜಿಯ ಕೈಗೆ ಕೊಡುವಾಗಲೇ ಮೊಣಕಾಲಿಗೆ ಎರಡು ಪದರ ಹಾಕಿ ಹೊಲಿಯಲು ಹೇಳಿಬಿಡುತ್ತಿದ್ದರು. ಕರು ಬರಲಿ, ಕುರಿಮರಿ ಬರಲಿ, ಯಾರೋ ಬುಟ್ಟಿಯಲ್ಲಿ ನಾಯಿಮರಿ ತರಲಿ, ಅವರು ಮೊದಲು ಮಾಡುತ್ತಿದ್ದ ಕೆಲಸ ಅದರ ಎದುರಿಗೆ ನೆಲಕ್ಕೆ ಮೊಣಕಾಲೂರುವುದು. ಸಿಮೆಂಟು ನೆಲವೋ, ಕೆಸರೋ, ಸಗಣಿಯೋ ನೋಡುತ್ತಿರಲಿಲ್ಲ. ಪ್ರಾಣಿಯ ಕಣ್ಣಿಗೆ ತಮ್ಮ ಕಣ್ಣು ಸಮ ಆದಮೇಲೆ ತಲೆ ಎತ್ತಿ, ಅದನ್ನು ತಂದವರನ್ನು ಕೇಳುತ್ತಿದ್ದರು: “ಆಡ್ತೈತೇನು?”

ತಿನ್ನುತ್ತದೆಯೇ, ಸಗಣಿ ಹೇಗೆ ಹಾಕುತ್ತದೆ, ಮೈ ಬಿಸಿಯೇ ಎಂಬ ನನ್ನ ಪ್ರಶ್ನೆಗಳೆಲ್ಲ ಆಮೇಲೆ. ಮೊದಲು ಅವರದು.

ಅವರು ನಾನು ಮೊದಲು ಕೆಲಸಕ್ಕೆ ಸೇರಿದ ಪಶು ಚಿಕಿತ್ಸಾಲಯದ ಅಟೆಂಡರ್. ಊರು ಸಿರುಗುಪ್ಪ ತಾಲ್ಲೂಕಿನಲ್ಲಿ, ರಾರಾವಿ ಕಡೆಗೆ ಹೋಗುವ ದಾರಿಯಲ್ಲಿತ್ತು. ಊರಿನ ಹೆಸರು ಇಲ್ಲಿ ಬೇಡ. ಅಲ್ಲಿ ನಾನು ಮಾಡಿದ ತಪ್ಪಿಗೆ ಊರೇಕೆ ಹೊಣೆಯಾಗಬೇಕು. ಸುತ್ತಲಿನ ರೈತರು ಅವರಿಗೆ ಕಾಂಪೌಂಡರ್ ಎಂದು ತಾವೇ ಬಡ್ತಿ ಕೊಟ್ಟಿದ್ದರು. ಅವರಿಗಾಗಲೇ ಐವತ್ತೈದು ದಾಟಿತ್ತು, ನನಗಿನ್ನೂ ಇಪ್ಪತ್ತೈದು. ಬಳ್ಳಾರಿಯ ರೂಢಿಯಂತೆ ನಾನು ತಾತ ಎಂದು ಕರೆದೆ. ಮೊದಲ ದಿನ ಅವರು ತಮ್ಮ ಕಪ್ಪು ಮೀಸೆಯನ್ನು ತೋರಿಸಿ, “ಇದು ನೋಡಿ ತಾತ ಅಂತೀರೇನ್ರಿ ಮೇಡಮ್ಮೋರ?” ಎಂದು ಕೇಳಿದರು. ಮೀಸೆಗೆ ಬಣ್ಣ ಹಚ್ಚುತ್ತಾರೆಂದು ಎರಡನೆಯ ವಾರ ಗೊತ್ತಾಯಿತು. ತಾತ ಎಂಬುದೇ ಉಳಿಯಿತು.

ನನ್ನ ಬಗ್ಗೆಯೂ ನಾಲ್ಕು ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಬಳ್ಳಾರಿಯ ಸತ್ಯನಾರಾಯಣಪೇಟೆಯ ಹುಡುಗಿ ನಾನು. ನಮ್ಮ ಮನೆಯ ಮುಂದಿನ ಓಣಿಯಲ್ಲಿ ಮಕ್ಕಳು ಸಂಜೆ ಕುಂಟೆಬಿಲ್ಲೆ ಆಡುವಾಗ ನಾನು ಕಿಟಕಿಯ ಒಳಗೆ ಲೆಕ್ಕ ಬಿಡಿಸುತ್ತಿದ್ದೆ. ಅಪ್ಪನ ಅಪ್ಪಣೆ ಎಂದು ಹೇಳಿದರೆ ಅರ್ಧ ಸತ್ಯ. ನನಗೂ ಅದೇ ಬೇಕಿತ್ತು. ಲೆಕ್ಕದಲ್ಲಿ ಗೆಲ್ಲುತ್ತಿದ್ದೆ, ಕುಂಟೆಬಿಲ್ಲೆಯಲ್ಲಿ ಬೀಳುತ್ತಿದ್ದೆ. ಬೀಳುವ ಕಡೆಗೆ ಹೋಗುವುದೇಕೆ? ಶಾಲೆಯಲ್ಲಿ ಮೊದಲು, ಕಾಲೇಜಿನಲ್ಲಿ ಮೊದಲು. ಮೊದಲ ಬಾರಿಗೆ ಕೆಲಸಕ್ಕೆ ಬಂದಾಗ ನನ್ನ ಚೀಲದಲ್ಲಿ ಎರಡು ಪದಕಗಳಿದ್ದವು. ಯಾರಿಗೂ ತೋರಿಸಲಿಲ್ಲ, ಆದರೆ ತಂದಿದ್ದೆ.

ಅಟೆಂಡರ್ ತಾತನ ಆ ಪ್ರಶ್ನೆ ನನಗೆ ಮೊದಮೊದಲು ಸಿಟ್ಟು ತರಿಸುತ್ತಿತ್ತು. ಡಾಕ್ಟರ್ ನಾನು. ಪ್ರಶ್ನೆ ಕೇಳುವವಳೂ ನಾನೇ ಆಗಬೇಕು. ಒಂದು ದಿನ ಒಬ್ಬ ರೈತರು ಒಂದೂವರೆ ತಿಂಗಳ ಎಮ್ಮೆಗರುವನ್ನು ಹಿಡಿದುಕೊಂಡು ಬಂದರು. ಏನೂ ಕಾಯಿಲೆಯಿಲ್ಲ, ಈ ಕಡೆ ಬಂದಿದ್ದೆ, ಹಾಗೇ ತೋರಿಸೋಣ ಅಂತ, ಎಂದರು. ನಾನು ಜ್ವರ ನೋಡಿದೆ, ಇರಲಿಲ್ಲ. ಹಾಲು ಕುಡಿಯುತ್ತಿದೆ ಎಂದರು. ಕಣ್ಣು, ಒಸಡು ಎಲ್ಲ ಸರಿಯಾಗಿಯೇ ಕಂಡವು. ಚೆನ್ನಾಗಿದೆ ಕರೆದೊಯ್ಯಿರಿ ಎಂದೆ. ತಾತ ಆಗಲೇ ಮೊಣಕಾಲೂರಿ ಕೂತಾಗಿತ್ತು.

“ಆಡ್ತೈತೇನಪ?”

“ಸುಮ್ನ ನಿಂತಿರ್ತೈತಿ. ಸಾಧು ಕರ,” ಎಂದರು ರೈತರು ಹೆಮ್ಮೆಯಿಂದ.

ತಾತ ಕರುವಿನ ಹಗ್ಗ ಬಿಚ್ಚಿ ಆಸ್ಪತ್ರೆಯ ಬಯಲಿಗೆ ಬಿಟ್ಟರು. ತಾವೇ ಎರಡು ಹೆಜ್ಜೆ ಓಡಿ, ನಿಂತು, ತಿರುಗಿ, ಅದನ್ನು ಕೆಣಕಿದರು. ಆ ವಯಸ್ಸಿನ ಎಮ್ಮೆಗರು ಹಗ್ಗ ಬಿಚ್ಚಿದರೆ ಬಾಲ ನಿಗುರಿಸಿಕೊಂಡು ಒಂದು ಸುತ್ತಾದರೂ ಓಡುತ್ತದೆ. ಇದು ನಿಂತಲ್ಲೇ ನಿಂತಿತ್ತು. “ಮೇಡಮ್ಮೋರ, ಸಗಣಿ ಒಂದೀಟು ನೋಡ್ತೀರೇನ್ರಿ?” ಎಂದರು. ಬೇಕೆಂದೇ ಬೇಸರವನ್ನು ಮುಖದ ಮೇಲೆ ತೋರಿಸುತ್ತ ನಾನು ಸೂಕ್ಷ್ಮದರ್ಶಕದ ಕೆಳಗೆ ನೋಡಿದೆ. ಜಂತುಹುಳುವಿನ ಮೊಟ್ಟೆ ಎಣಿಸಲಾರದಷ್ಟಿತ್ತು. ಇನ್ನೊಂದು ವಾರ ಬಿಟ್ಟಿದ್ದರೆ ಕರು ಉಳಿಯುತ್ತಿರಲಿಲ್ಲ. ಔಷಧಿ ಕುಡಿಸಿದೆವು. ರೈತರು ಕೈಮುಗಿದದ್ದು ನನಗೆ. ತಾತ ಆಗಲೇ ಪೊರಕೆ ಹಿಡಿದು ಬಯಲಿನ ಆ ತುದಿಗೆ ಹೋಗಿದ್ದರು.

ಸಂಜೆ ನಾನು ಅವರನ್ನು ಕೂರಿಸಿಕೊಂಡು ಪಾಠ ಮಾಡಿದೆ. ಮಾಡಬಾರದಿತ್ತು, ಆದರೆ ಗೊತ್ತಿದ್ದದ್ದನ್ನು ಹೇಳದೆ ಇರುವುದು ಆಗ ನನಗೆ ಬರುತ್ತಿರಲಿಲ್ಲ. ಆಟವೆಂಬುದು ಜೀವವಿಜ್ಞಾನಕ್ಕೆ ಒಂದು ತೊಡಕು, ಎಂದೆ. ಮರಿ ಕುಣಿದರೆ ತಿಂದದ್ದು ಖರ್ಚಾಗುತ್ತದೆ. ಕಾಲು ಮುರಿಯಬಹುದು. ಮೈಮರೆತು ಆಡುವ ಮರಿ ತೋಳದ ಕಣ್ಣಿಗೆ ಬೇಗ ಬೀಳುತ್ತದೆ. ಇಷ್ಟು ನಷ್ಟದ ಚಾಳಿ ತಲೆತಲಾಂತರದಿಂದ ಅಳಿಯದೆ ಯಾಕೆ ಉಳಿದುಕೊಂಡು ಬಂತು? ನಾಯಿ, ಬೆಕ್ಕು, ಇಲಿ, ಕೋತಿ, ಆಡು, ಎಲ್ಲದರ ಮರಿಯೂ ಯಾಕೆ ಆಡುತ್ತದೆ? ಮೈ ಗಟ್ಟಿಯಾಗಲಿಕ್ಕೆ ಎನ್ನುವವರಿದ್ದಾರೆ, ಮುಂದೆ ಹೊಡೆದಾಡಲು ತಯಾರಿ ಎನ್ನುವವರಿದ್ದಾರೆ. ಎಲ್ಲರೂ ಒಪ್ಪುವ ಒಂದು ಉತ್ತರ ಇನ್ನೂ ಸಿಕ್ಕಿಲ್ಲ.

ಅವರು ಶ್ರದ್ಧೆಯಿಂದ ಕೇಳಿದರು. ಆಮೇಲೆ ಅಂದರು: “ಅದೆಲ್ಲ ನಂಗ ತಿಳೀದ್ರಿ. ನಾ ಕುರುಗೋಡಿನಾಂವ. ಗುಡ್ಡದಾಗ ಆಡು ಕಾದು ಬೆಳದಾಂವ. ಆಡಿನ ಮರಿ ಬಂಡಿಗಲ್ಲ ಮ್ಯಾಲಿಂದ ಬಂಡಿಗಲ್ಲಿಗೆ ಜಿಗೀತೈತಿ. ಜಿಗಿಯೂದು ಕಲೀತೈತಿ ಅಂತ ಎಲ್ಲಾರು ತಿಳ್ಕೊಂತಾರ. ನಾ ನೋಡಿದ್ದು ಬ್ಯಾರೆ. ಜಿಗಿಯೂದು ತಾನ ಬರ್ತೈತ್ರಿ. ಅದು ಕಲಿಯೂದು ಬೀಳೂದು.”

ನಾನು ನಕ್ಕೆ. ಬೀಳುವುದನ್ನು ಯಾರಾದರೂ ಕಲಿಯುತ್ತಾರೆಯೇ ಎಂದು ಕೇಳಿದೆ. ಅವರು ಬಾಗಿಲ ಬೀಗ ತಂದು ನನ್ನ ಮೇಜಿನ ಮೇಲಿಟ್ಟು, “ಬಸ್ಸು ಬರೂ ಹೊತ್ತಾತ್ರಿ,” ಎಂದರು.

ಅವರದೊಂದು ರೀತಿ ಹೇಳಲು ಮರೆತೆ. ಪ್ರಾಣಿಗಳನ್ನು ಬೈಯುವುದು ತೆಲುಗಿನಲ್ಲಿ, ಮುದ್ದಿಸುವುದು ಕನ್ನಡದಲ್ಲಿ. ಒದೆಯುವ ಎಮ್ಮೆಗೆ ಸೂಜಿ ಹಾಕುವಾಗ ಎರಡೂ ಭಾಷೆ ಒಂದೇ ಉಸಿರಿನಲ್ಲಿ ಬರುತ್ತಿದ್ದವು. ಬೆಳಿಗ್ಗೆ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ಕಟ್ಟಿಸಿಕೊಂಡು ಬಂದರೆ ಮಿರ್ಚಿಯ ತುದಿ ಆಸ್ಪತ್ರೆಯ ನಾಯಿಗೆ ಮೀಸಲು. ನಾಯಿಗೆ ಖಾರ ಕೊಡಬಾರದು ಎಂದು ನಾನು ಎಷ್ಟು ಹೇಳಿದರೂ ಅವರೂ ಕೇಳಲಿಲ್ಲ, ನಾಯಿಯೂ ಕೇಳಲಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಪಕ್ಕದ ಹಳ್ಳಿಯಲ್ಲಿ ಕುರಿ ಸಾಕುವ ಒಬ್ಬ ಹೆಂಗಸಿದ್ದರು. ನಲವತ್ತರ ಹತ್ತಿರದ ವಯಸ್ಸು, ಮೂವತ್ತು ಕುರಿಗಳ ಹಿಂಡು, ಹಿಂಡಿನ ಎಲ್ಲ ನಿರ್ಧಾರವೂ ಅವರದೇ. ಮನೆಯವರು ಅಕ್ಕಿ ಗಿರಣಿಗೆ ಕೆಲಸಕ್ಕೆ ಹೋಗುತ್ತಿದ್ದರು. ಆ ವರ್ಷ ಹತ್ತು ಗಂಡುಮರಿಗಳಾಗಿದ್ದವು. ಅದರಲ್ಲಿ ಒಂದು ಕರಿತಲೆಯ ಮರಿ ಚೆನ್ನಾಗಿ ಬೆಳೆಯುತ್ತಿತ್ತು. ಹಳೆಯ ಟಗರು ಮುದಿಯಾಗಿತ್ತು. ಇದನ್ನು ಮಾರದೆ ಹಿಂಡಿನ ಬೀಜದ ಟಗರಾಗಿ ಇಟ್ಟುಕೊಳ್ಳಬೇಕೆಂದು ಅವರ ಆಸೆ. ಮುಂದಿನ ಐದಾರು ವರ್ಷ ಅವರ ಹಿಂಡು ಹೇಗಿರುತ್ತದೆ ಎಂಬುದು ಆ ಒಂದು ಮರಿಯ ಮೇಲೆ ನಿಂತಿತ್ತು.

ಕುರಿ ಸಾಕುವವರ ಮನೆಯಲ್ಲಿ ಒಂದು ಪದ್ಧತಿಯಿದೆ. ತಾಯಿಗಳು ಮೇಯಲು ಹೋದಾಗ ಮರಿಗಳನ್ನು ದೊಡ್ಡ ಬುಟ್ಟಿಯಡಿ ಮುಚ್ಚಿಡುತ್ತಾರೆ, ಇಲ್ಲವೇ ಬಲೆಯೊಳಗೆ ಕೂಡುತ್ತಾರೆ. ಸಂಜೆ ಹಿಂಡು ಬರುವುದಕ್ಕೆ ಅರ್ಧ ಗಂಟೆ ಮುಂಚೆ ಬಿಡುತ್ತಾರೆ. ಆ ಅರ್ಧ ಗಂಟೆ ಮರಿಗಳು ಹಟ್ಟಿಯ ತುಂಬ ನಾಲ್ಕೂ ಕಾಲೆತ್ತಿ ಜಿಗಿಯುತ್ತವೆ, ಗುದ್ದಾಡುತ್ತವೆ, ಕಲ್ಲುಗುಂಡಿನ ಮೇಲೆ ಏರಿ ಒಂದನ್ನೊಂದು ಕೆಡವುತ್ತವೆ. ಪುಸ್ತಕದ ಕಣ್ಣಿನಿಂದ ನೋಡಿದ ನನಗೆ ಅಲ್ಲಿ ಕಂಡದ್ದು ಹಿಂಡಿ-ಮೇವಿನ ದಂಡ. ಹತ್ತರಲ್ಲಿ ಆರು ಮರಿಗಳನ್ನು ಹಲಗೆಯ ಅಟ್ಟಣೆಯ ಮೇಲೆ ಗಿಡ್ಡ ಹಗ್ಗದಲ್ಲಿ ಬೇರೆ ಬೇರೆ ಕಟ್ಟಿ ಸಾಕಿರಿ, ನಾಲ್ಕನ್ನು ಎಂದಿನಂತೆ ಬಿಡಿರಿ, ಎರಡೂ ಗುಂಪನ್ನು ತೂಗಿ ನೋಡೋಣ, ಎಂದು ಅವರಿಗೆ ಹೇಳಿದೆ. ಮೇಲಿನವರ ಮುಂದೆ ಒಂದು ವರದಿ ಇಡಬೇಕೆಂಬ ಚಪಲ ನನ್ನದು. ಕರಿತಲೆಯ ಮರಿಯನ್ನು ಕಟ್ಟುವ ಗುಂಪಿಗೇ ಸೇರಿಸಿದೆ, ಅದು ಎಲ್ಲಕ್ಕಿಂತ ದಪ್ಪಗೆ ಕಾಣಲಿ ಎಂದು.

ವಾಪಸು ಬರುವ ದಾರಿಯಲ್ಲಿ ತಾತ ಒಂದೇ ಮಾತು ಹೇಳಿದರು. “ಆರಕ್ಕೂ ಸಂಜಿ ಬಿಡೂದು ಬ್ಯಾಡೇನ್ರಿ? ಅರ್ಧ ತಾಸು?”

“ಬಿಟ್ಟರೆ ಹೋಲಿಕೆ ಕೆಡುತ್ತದೆ ತಾತ,” ಎಂದೆ. ಅವರು ಹಟ ಹಿಡಿದು ವಾದ ಮಾಡುವವರಲ್ಲ. ಮಾಡಬೇಕಿತ್ತು ಎಂದು ಎಷ್ಟೋ ವರ್ಷ ಅವರ ಮೇಲೆ ಸಿಟ್ಟಾಗಿದ್ದೆ. ಮಾಡಿದ್ದರೆ ನಾನು ಕೇಳುತ್ತಿದ್ದೆನೇ ಎಂಬುದು ಬೇರೆ ವಿಷಯ.

ಮೂರು ತಿಂಗಳಿಗೆ ಕಟ್ಟಿದ ಮರಿಗಳು ಬಿಟ್ಟ ಮರಿಗಳಿಗಿಂತ ಚೆನ್ನಾಗಿ ತೂಗಿದವು. ನಾನು ವರದಿ ಬರೆದೆ. ಭಾಷೆ ಬಹಳ ಬಿಗಿಯಾಗಿತ್ತು. ಅದಾದ ವಾರದಲ್ಲಿ ಆ ಹೆಂಗಸು ಎಲ್ಲ ಹತ್ತನ್ನೂ ಹಿಂಡಿನ ಜೊತೆ ಮೇಯಲು ಬಿಟ್ಟರು. ಕಾಲುವೆಯ ಏರಿಯ ಮೇಲೆ ಹಿಂಡು ಹೋಗುವಾಗ ಹಿಂದಿನಿಂದ ಭತ್ತದ ಚೀಲ ಹೇರಿದ ಟ್ರ್ಯಾಕ್ಟರೊಂದು ಹಾರ್ನ್ ಹೊಡೆದುಕೊಂಡು ಬಂತು. ಹಿಂಡು ಬೆದರಿ ಏರಿಯಿಂದ ಕೆಳಕ್ಕೆ ಜಿಗಿಯಿತು. ಕೆಳಗೆ ಕಾಲುವೆ ರಿಪೇರಿಗೆ ಸುರಿದ ಕಲ್ಲುಗಳಿದ್ದವು. ದೊಡ್ಡ ಕುರಿಗಳು ದಾಟಿಕೊಂಡವು. ಬಿಟ್ಟು ಬೆಳೆಸಿದ ನಾಲ್ಕು ಮರಿಗಳೂ ಬಿದ್ದವು, ಉರುಳಿದವು, ಎದ್ದು ಓಡಿದವು. ಕಟ್ಟಿ ಬೆಳೆಸಿದ ಆರರಲ್ಲಿ ಮೂರು ಏಳಲಿಲ್ಲ.

ನಾವು ಹೋಗುವಷ್ಟರಲ್ಲಿ ಒಂದು ಸತ್ತಿತ್ತು. ಇನ್ನೆರಡಕ್ಕೆ ಮುಂಗಾಲು ಮುರಿದಿತ್ತು. ಅದರಲ್ಲಿ ಕರಿತಲೆಯದೂ ಒಂದು. ಆ ಹೆಂಗಸು ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಲ್ಲುಗಳ ನಡುವೆ ಕೂತಿದ್ದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

“ಓದಿದೋರು ಹೇಳ್ತಾರ ಅಂತ ಕಟ್ಟಿದ್ನವ್ವಾ,” ಎಂದರು. “ಮರಿ ಇಷ್ಟ್ಯಾಕ ಸುಮ್ಮಕ ಅದಾವು ಅಂತ ನನಗೂ ಅನ್ನಸ್ತಿತ್ತು. ನಿಮ್ಮ ಮುಂದ ಹೆಂಗ ಅನ್ಲಿ ಅಂತ ಬಿಟ್ಟೆ.”

ತಾತ ಕೆಸರಿನಲ್ಲಿ ಮೊಣಕಾಲೂರಿ ಕಾಲನ್ನು ಹಿಡಿದರು, ನಾನು ಬಿದಿರಿನ ದಬ್ಬೆಯಿಟ್ಟು ಪಟ್ಟಿ ಹಾಕಿದೆ. ಮೊದಲ ಗಂಟು ಜಾರಿತು. ಅವರು ಕಾಲಿನ ಜೊತೆ ನನ್ನ ಮಣಿಕಟ್ಟನ್ನೂ ಸ್ವಲ್ಪ ಹೊತ್ತು ಒತ್ತಿ ಹಿಡಿದುಕೊಂಡಿದ್ದರು.

ನಾನು ವಿಜ್ಞಾನ ಓದಿದವಳು. ಆರು ಮರಿಗಳಿಂದ ಏನೂ ಸಾಬೀತಾಗುವುದಿಲ್ಲ. ಕಟ್ಟಿದ ಮರಿಗಳ ತೂಕ ಹೆಚ್ಚಿತ್ತು, ಓಡಾಟವಿಲ್ಲದೆ ಮೂಳೆ ಮೆತ್ತಗಿದ್ದಿರಬಹುದು, ಅವು ಬಿದ್ದ ಕಡೆಯೇ ಕಲ್ಲು ಹೆಚ್ಚಿದ್ದಿರಬಹುದು. ಈ ವಾದಗಳನ್ನೆಲ್ಲ ಅವತ್ತೇ ಮಾಡಿಕೊಂಡೆ. ಒಂದೂ ಉಪಯೋಗಕ್ಕೆ ಬರಲಿಲ್ಲ. ಹುಟ್ಟಿದಾಗಿನಿಂದ ಮೊದಲ ಸಲ ನಾನು ತಪ್ಪು ಉತ್ತರ ಬರೆದಿದ್ದೆ, ಮತ್ತು ಅದನ್ನು ಅಳಿಸುವ ಹಾಗಿರಲಿಲ್ಲ. ಮರುದಿನ ರಾಜೀನಾಮೆ ಬರೆದು ಚೀಲದಲ್ಲಿಟ್ಟುಕೊಂಡೆ. ಸತ್ಯನಾರಾಯಣಪೇಟೆಯ ಮನೆಗೆ ಹೋಗಿ ಬೇರೆ ಯಾವುದಾದರೂ ಪರೀಕ್ಷೆಗೆ ಓದುವುದು ಎಂದು ನಿರ್ಧರಿಸಿದ್ದೆ. ಪರೀಕ್ಷೆಯಲ್ಲಿ ಯಾರ ಕಾಲೂ ಮುರಿಯುವುದಿಲ್ಲ.

ತಾತನಿಗೆ ಹೇಳಿದೆ. ಸೋಮವಾರ ಕಳಿಸುತ್ತೇನೆ ಎಂದೆ. ಅವರು ಸಮಾಧಾನ ಹೇಳಲಿಲ್ಲ. “ಆತು ಬಿಡ್ರಿ,” ಎಂದರು. ಮಧ್ಯಾಹ್ನ ಜನ ಇಲ್ಲದ ಹೊತ್ತಿಗೆ ಆಸ್ಪತ್ರೆಯ ಜಗಲಿಯ ಕಲ್ಲುಹಾಸಿನ ಮೇಲೆ ಸೀಮೆಸುಣ್ಣದಿಂದ ಹುಲಿಕಟ್ಟಿನ ಗೆರೆಗಳನ್ನು ಎಳೆದರು. ಮೂರು ಹುಲಿ, ಹದಿನೈದು ಕುರಿ. ಹುಲಿ ಹಾರಿ ಕುರಿಯನ್ನು ತಿನ್ನಬೇಕು, ಕುರಿಗಳು ಸುತ್ತುಗಟ್ಟಿ ಹುಲಿ ಅಲುಗಾಡದಂತೆ ಕಟ್ಟಬೇಕು. ಖಾಲಿ ಇಂಜೆಕ್ಷನ್ ಸೀಸೆಗಳ ಮೂರು ರಬ್ಬರ್ ಮುಚ್ಚಳ ಹುಲಿ, ಹುಣಸೆಬೀಜ ಕುರಿ.

“ಬರ್ರಿ, ಒಂದಾಟ.”

“ನನಗೆ ಬರುವುದಿಲ್ಲ.”

“ಬರಂಗಿಲ್ಲಂದ್ರ ಆಡೂದು. ಬಂದಮ್ಯಾಲೆ ಏನೈತಿ ಅದರಾಗ?”

ಬೇಡ ಎನ್ನುವಷ್ಟೂ ಶಕ್ತಿ ಇರಲಿಲ್ಲ, ಕೂತೆ. ಹುಲಿ ನನಗೆ ಕೊಟ್ಟರು. ಮೊದಲ ಆಟ ಗೆದ್ದೆ. ಎರಡನೆಯದೂ ಗೆದ್ದೆ. ಕಲಿತು ಅರ್ಧ ಗಂಟೆಯಾಗಿಲ್ಲ, ಆಗಲೇ ಗೆಲ್ಲುತ್ತಿದ್ದೇನೆ ಎಂದು ಆ ದುಃಖದಲ್ಲೂ ಸಣ್ಣ ಜಂಬ ಬಂತು. ಮೂರನೆಯದರಲ್ಲಿ ಅವರು ನನ್ನ ಮೂರು ಹುಲಿಗಳನ್ನೂ ಕಟ್ಟಿ ಕೂರಿಸಿದರು. ನಾನು ಕೈಯಿಂದ ಎಲ್ಲವನ್ನೂ ಬಳಿದು ಚೆಲ್ಲಿದೆ. ಇಪ್ಪತ್ತೈದು ವರ್ಷದ ಪಶುವೈದ್ಯೆ, ಹುಣಸೆಬೀಜ ಚೆಲ್ಲಿ ಅತ್ತೆ. ಅವರು ಜಗಲಿಯ ಕೆಳಗಿಳಿದು ಒಂದೊಂದೇ ಬೀಜ ಆರಿಸಿಕೊಂಡು ಬಂದರು.

“ಮೇಡಮ್ಮೋರ, ಸಿಟ್ಟಾಗಬ್ಯಾಡ್ರಿ. ನೀವು ಸಣ್ಣಾಕಿ ಇದ್ದಾಗ ಬಿದ್ದಿಲ್ರಿ. ಈಗ ದೊಡ್ಡಾಕ್ಯಾಗಿ ಬಿದ್ದೀರಿ. ಅದಕ್ಕ ಭಾಳ ಪೆಟ್ಟು ಹತ್ತೈತಿ,” ಎಂದರು. ಆಮೇಲೆ ಬೀಜಗಳನ್ನು ಹೂಡುತ್ತ, “ಇನ್ನೊಂದು?” ಎಂದರು.

ಸೋಮವಾರ ಬಂತು, ಹೋಯಿತು. ಅವತ್ತು ಮಧ್ಯಾಹ್ನ ಎರಡು ಆಟ ಆಡಿದೆವು; ಒಂದು ಗೆದ್ದೆ, ಒಂದು ಸೋತೆ. ರಾಜೀನಾಮೆ ಚೀಲದಲ್ಲೇ ಇತ್ತು. ಮಂಗಳವಾರ ಸೇಡು ತೀರಿಸಿಕೊಳ್ಳಬೇಕಿತ್ತು. ಹೀಗೆ ವಾರಗಳಾದವು. ಕಾಗದ ಮಡಿಕೆಯಲ್ಲಿ ಹರಿದು ಎರಡು ತುಂಡಾಯಿತು, ಬಸ್ಸಿನಲ್ಲಿ ಯಾರದೋ ಮಗುವಿಗೆ ಮೂಗೊರೆಸಲು ಕೊಟ್ಟೆ.

ಅಷ್ಟರಲ್ಲಿ ತಾತ ಕರಿತಲೆಯ ಮರಿಯ ಕೆಲಸವನ್ನು ತಮ್ಮ ಕೈಗೆ ತೆಗೆದುಕೊಂಡಿದ್ದರು. ಪಟ್ಟಿ ಬಿಚ್ಚಿದ ದಿನ ಅವರು ಆ ಹೆಂಗಸಿಗೆ ಹೇಳಿದ್ದು ಇಷ್ಟೇ: “ಇದರ ವಯಸ್ಸಿನ ವಾರಿಗಿ ಮರಿಗಳ ಜೊತಿ ಬಿಡಬ್ಯಾಡವ್ವ, ಅವು ಜಾಡಿಸಿ ಗುದ್ದತಾವು, ಇದು ಮೂಲಿ ಹಿಡೀತೈತಿ. ಹೊಸಾ ಮರಿ ಹುಟ್ಯಾವಲ್ಲ, ಆ ಸಣ್ಣವುಗಳ ಜೊತಿ ಸಂಜಿ ಅರ್ಧ ತಾಸು ಬಿಡು.” ಆರೇಳು ತಿಂಗಳ ಕುಂಟ ಮರಿ ಒಂದೂವರೆ ತಿಂಗಳಿನವುಗಳ ನಡುವೆ ನಿಂತು ಮೊದಲು ಏನು ಮಾಡಬೇಕೆಂದು ತಿಳಿಯದೆ ಬೆಪ್ಪಾಗಿತ್ತು. ನಾನು ವಾರಕ್ಕೊಮ್ಮೆ ಹೋಗಿ ನೋಡುತ್ತಿದ್ದೆ. ಮೂರನೆಯ ವಾರ ಒಂದು ಸಣ್ಣ ಮರಿ ಬಂದು ಗುದ್ದಿತು. ಇದು ಹಿಂದೆ ಸರಿದು ಬಿತ್ತು. ಎದ್ದಿತು. ಮತ್ತೆ ಗುದ್ದಿಸಿಕೊಳ್ಳಲು ತಾನೇ ಹೋಯಿತು. ನಾನು ಯಾವ ಪದಕಕ್ಕೂ ಅಷ್ಟು ಸಂತೋಷಪಟ್ಟಿರಲಿಲ್ಲ.

ಅದು ಬೆಳೆದು ಟಗರಾಯಿತು. ಸ್ವಲ್ಪ ಕುಂಟುತ್ತಿತ್ತು, ಹಿಂಡಿಗೆ ಅದೇ ಬೀಜದ ಟಗರೂ ಆಯಿತು. ಒಂದು ಸಂಜೆ ಲಸಿಕೆ ಹಾಕಲು ಹೋದಾಗ ಮರಿ ಬಿಡುವ ಹೊತ್ತಾಗಿತ್ತು; ಲಸಿಕೆಗೆಂದು ಟಗರನ್ನೂ ಹಟ್ಟಿಯಲ್ಲೇ ಉಳಿಸಿಕೊಂಡಿದ್ದರು. ತಾತ ನನ್ನನ್ನು ಕರೆದು ತೋರಿಸಿದರು. ಎರಡು ತಿಂಗಳ ಮರಿಯೊಂದು ಓಡಿಬಂದು ಆ ಟಗರಿನ ಹಣೆಗೆ ಹಣೆ ಹೊಡೆಯುತ್ತಿತ್ತು. ಒಂದು ಸಲ ಮನಸ್ಸಿಟ್ಟು ತಲೆ ಬೀಸಿದರೆ ಮರಿಯ ಬುರುಡೆ ಉಳಿಯುತ್ತಿರಲಿಲ್ಲ. ಟಗರು ತಲೆಯನ್ನು ಮರಿಯ ಎತ್ತರಕ್ಕೆ ತಗ್ಗಿಸಿಕೊಂಡು ನಿಂತಿತ್ತು. ಮರಿ ಗುದ್ದಿದಾಗ ಅರ್ಧ ಹೆಜ್ಜೆ ಹಿಂದಕ್ಕೆ ಸರಿಯುತ್ತಿತ್ತು. ಮರಿ ಗೆದ್ದೆನೆಂದು ನಾಲ್ಕು ಕಾಲೂ ಎತ್ತಿ ಜಿಗಿದು ಮತ್ತೆ ಓಡಿ ಬರುತ್ತಿತ್ತು.

“ನೋಡ್ರಿ, ದೊಡ್ಡದು ತಗ್ಗಿ ನಿಂತೈತಿ,” ಎಂದರು ತಾತ. “ತಗ್ಗಲಿಲ್ಲಂದ್ರ ಸಣ್ಣದು ಎರಡನೇ ಸರ್ತಿ ಬರಂಗಿಲ್ಲ. ಆಟ ಅಲ್ಲಿಗೇ ಖಲಾಸ್.”

ಇದು ನನಗೆ ಪುಸ್ತಕದಲ್ಲೂ ಗೊತ್ತಿತ್ತು. ದೊಡ್ಡ ನಾಯಿ ಮರಿಯ ಮುಂದೆ ಅಂಗಾತ ಬೀಳುತ್ತದೆ, ಬಲವಿದ್ದದ್ದು ತನ್ನ ಬಲವನ್ನು ತಾನೇ ಕಟ್ಟಿಹಾಕಿಕೊಂಡು ಆಡುತ್ತದೆ, ಇಲ್ಲದಿದ್ದರೆ ಆಟ ಮುಂದುವರಿಯುವುದಿಲ್ಲ ಎಂದು ಪರೀಕ್ಷೆಗೆ ಬರೆದಿದ್ದೆ. ಪೂರ್ತಿ ಅಂಕ ಬಂದಿತ್ತು. ಆದರೂ ಅವತ್ತು ಆ ಟಗರನ್ನು ನೋಡುತ್ತ ನಿಂತಾಗ ನಮ್ಮ ಜಗಲಿಯ ಹುಲಿಕಟ್ಟು ನನ್ನ ತಲೆಗೆ ಹೊಳೆಯಲಿಲ್ಲ. ಹತ್ತರಲ್ಲಿ ಐದಾರು ಆಟ ಗೆಲ್ಲುವ ನನ್ನ ಜಾಣತನದ ಬಗ್ಗೆ ನನಗೆ ಅಷ್ಟು ನಂಬಿಕೆಯಿತ್ತು.

ಹೊಳೆದದ್ದು ಮೂರು ವರ್ಷ ಬಿಟ್ಟು. ತಾತ ನಿವೃತ್ತರಾಗಿ ಕುರುಗೋಡಿಗೆ ಹೋಗಿದ್ದರು, ನನಗೆ ಬಳ್ಳಾರಿಗೆ ವರ್ಗವಾಗಿತ್ತು. ಒಂದು ಭಾನುವಾರ ನೋಡಿ ಬರೋಣವೆಂದು ಹೋದೆ. ಅವರ ಮನೆಯ ಮುಂದೆ, ಬೇವಿನ ಮರದ ಕಟ್ಟೆಯ ಕಲ್ಲಿನಲ್ಲಿ ಹುಲಿಕಟ್ಟಿನ ಗೆರೆಗಳನ್ನು ಕೊರೆದೇ ಬಿಟ್ಟಿದ್ದರು. ನಾನು ಹೋದಾಗ ಮೂರು ಜನ ಹಿರಿಯರು ಕಟ್ಟೆಯ ಮೇಲಿದ್ದರು, ತಾತ ಅವರಲ್ಲೊಬ್ಬರ ಎದುರು ಆಡುತ್ತಿದ್ದರು. ನಾನು ಚಪ್ಪಲಿ ಬಿಡುವಷ್ಟರಲ್ಲಿ ಆ ಆಟ ಮುಗಿಯಿತು. ಎದುರಿದ್ದವರು ಟವೆಲು ಕೊಡವಿ ಎದ್ದು, ನನ್ನ ಕಡೆ ತಿರುಗಿ, “ಇಂವನ ಜೊತಿ ಆಡಬಾರ್ದವ್ವ. ಹುಡುಗರಿದ್ದಾಗಿಂದ ಒಮ್ಮೆನೂ ಸೋತಾಂವಲ್ಲ,” ಎಂದರು.

ನಾನು ತಾತನ ಮುಖ ನೋಡಿದೆ. ಅವರು ಬೀಜ ಎಣಿಸುತ್ತಿದ್ದರು. ಹದಿನೈದು ಬೀಜ ಎಣಿಸಲು ಅಷ್ಟು ಹೊತ್ತು ಬೇಡ.

ಜನ ಹೋದಮೇಲೆ ಎದುರಿಗೆ ಕೂತು, “ತಾತ, ಇವತ್ತು ನಿಜವಾಗಿ ಆಡಬೇಕು,” ಎಂದೆ. ನನ್ನ ಧ್ವನಿ ಚೆನ್ನಾಗಿರಲಿಲ್ಲ. ಅವಮಾನವಾಗಿತ್ತು.

ಅವರು ಆಡಿದರು. ಮೊದಲ ಆಟ ಶುರುವಾದದ್ದೂ ಮುಗಿದದ್ದೂ ಗೊತ್ತಾಗಲಿಲ್ಲ. ಎರಡನೆಯದರಲ್ಲಿ ನನ್ನ ಹುಲಿಗಳು ಒಂದು ಕುರಿಯನ್ನೂ ತಿನ್ನಲಿಲ್ಲ. ಮೂರನೆಯದರ ನಡುವೆ ನಾನು ಕೈ ಹಿಂದೆಗೆದೆ. ಮನೆಯೊಳಗಿಂದ ಚಹಾ ಬಂತು, ಕುಡಿದೆವು.

“ಬ್ಯಾಸರ ಆತಲ್ರಿ?” ಎಂದು ಕೇಳಿದರು.

“ಆಯಿತು,” ಎಂದೆ.

“ನಂಗೂ ಆತ್ರಿ,” ಎಂದರು. ಬೀಜಗಳನ್ನು ಒಟ್ಟುಮಾಡುತ್ತ, “ನಿಮ್ಮ ಜೊತಿ ಆಡೂದು ಚಲೋ ಇತ್ರಿ. ನನಗೂ ತಲಿ ಓಡ್ತಿತ್ತು. ಗೆಲ್ಲೂದು ಸಸಾರ. ನಿಮಗ ಗೊತ್ತಾಗದಂಗ ಸೋಲೂದೈತಲ್ಲ, ಅದಕ್ಕ ಬುದ್ಧಿ ಬೇಕು,” ಎಂದರು. ನನಗೆ ನಗು ಬಂತು. ಜೊತೆಗೆ ಕಣ್ಣೂ ತುಂಬಿತು. ಜಗಲಿಯ ಮೇಲೆ ಅವರು ದಿನಾ ಮಧ್ಯಾಹ್ನ ಮಾಡುತ್ತಿದ್ದ ಲೆಕ್ಕ ನನಗೆ ಆಗ ಅರ್ಥವಾಯಿತು: ಓಡಿಹೋಗದಷ್ಟು ಗೆಲ್ಲಿಸಬೇಕು, ಬೀಳುವುದು ರೂಢಿಯಾಗುವಷ್ಟು ಸೋಲಿಸಬೇಕು. ನಾನು ಈ ವೃತ್ತಿಯಲ್ಲಿ ಉಳಿದದ್ದು ಆ ಲೆಕ್ಕದಿಂದ. ಅದನ್ನು ಅವತ್ತು ಅವರಿಗೆ ಹೇಳಿದೆ. ಅವರು ಕೇಳಿಸಿಕೊಳ್ಳದವರಂತೆ ಚಹಾದ ಕಪ್ಪು ಎತ್ತಿಕೊಂಡು ಒಳಗೆ ಹೋದರು.

ಈಗ ನಾನು ಗಾಂಧಿನಗರದಲ್ಲಿದ್ದೇನೆ, ಬಳ್ಳಾರಿಯಲ್ಲೇ ಕೆಲಸ. ನನ್ನ ರಿಜಿಸ್ಟರಿನಲ್ಲಿ ಜ್ವರ, ಮೇವು, ಸಗಣಿ ಎಂಬ ಅಂಕಣಗಳಿಗಿಂತ ಮುಂಚೆ ಸ್ಕೇಲಿನಿಂದ ಗೆರೆ ಎಳೆದು ಸೇರಿಸಿದ ಒಂದು ಅಂಕಣವಿದೆ, ಆಟ ಎಂದು. ಒಮ್ಮೆ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಇದೇನೆಂದು ಕೇಳಿದರು. ಮರಿ ಹಸಿದರೆ, ಹೆದರಿದರೆ, ನೋವಾದರೆ ಮೊದಲು ಬಿಡುವುದು ಆಟವನ್ನು, ಮೇವು ಬಿಡುವುದು ಆಮೇಲೆ, ಎಂದೆ. ಯಾವ ಸುತ್ತೋಲೆಯಲ್ಲಿದೆ ಎಂದರು. ನಮ್ಮ ಅಟೆಂಡರ್ ಹೇಳಿದ್ದು ಎಂದೆ. ಅವರು ಪುಟ ತಿರುವಿದರು.

ತಾತ ಹೋಗಿ ಎರಡು ವರ್ಷವಾಯಿತು. ಲಕ್ವ ಹೊಡೆದು ಬಲಗೈ ಬಿದ್ದಿತ್ತು, ಮಾತೂ ತೊದಲುತ್ತಿತ್ತು. ಹೋಗುವುದಕ್ಕೆ ಇಪ್ಪತ್ತು ದಿನ ಮುಂಚೆ ಕುರುಗೋಡಿಗೆ ಹೋಗಿದ್ದೆ. ಬೇವಿನ ಕಟ್ಟೆಯ ಮೇಲೆ ದಿಂಬಿಗೆ ಒರಗಿಸಿ ಕೂರಿಸಿದ್ದರು. ಮೀಸೆ ಪೂರ್ತಿ ಬೆಳ್ಳಗಾಗಿತ್ತು. ಮನೆಯವರು, ಅವರ ಹೆಂಡತಿ, ಹೇಳಿದರು: “ಈಗ ಯಾರೂ ಆಡಾಕ ಬರಂಗಿಲ್ಲವ್ವ. ಇವರ ಕೈ ನಡುಗ್ತೈತಿ, ಜಲ್ದಿ ಸೋಲ್ತಾರ, ಸೋತು ಸುಮ್ಮನಾಗಿಬಿಡ್ತಾರ. ನಿನ್ನೆಯಿಂದ ಬೀಜಾನ ಮುಟ್ಟಿಲ್ಲ.”

ನಾನು ಕಟ್ಟೆಯ ಮೇಲೆ ಕೂತು ಬೀಜ ಹೂಡಿದೆ. ಬೇಡ ಎಂದು ಎಡಗೈ ಆಡಿಸಿದರು. ಬರುವುದಿಲ್ಲವಾದರೆ ಆಡುವುದು, ಬಂದಮೇಲೆ ಅದರಲ್ಲೇನಿದೆ, ಎಂದೆ. ಅರ್ಧ ಮುಖ ನಕ್ಕಿತು. ಎಡಗೈಯಿಂದ ಒಂದು ಕುರಿ ಇಟ್ಟರು.

ಹುಲಿ ನನ್ನದು. ಅಷ್ಟು ವರ್ಷದಲ್ಲಿ ನಾನೂ ಆಟ ಕಲಿತಿದ್ದೆ. ನಾಲ್ಕನೆಯ ನಡೆಗೇ ಅವರ ಕುರಿಗಳು ಚೆಲ್ಲಾಪಿಲ್ಲಿಯಾಗಿದ್ದವು. ಒಂದನ್ನು ತಿಂದೆ, ಇಲ್ಲದಿದ್ದರೆ ಅನುಮಾನ ಬರುತ್ತದೆ ಎಂದು. ಆಮೇಲೆ ತಪ್ಪು ಕಡೆ ಹೋದೆ. ಮೇಲುಗಡೆ, ಹಿಂದಿನ ಮನೆ ಖಾಲಿಯಿದ್ದು ಆಸರೆಯಿಲ್ಲದೆ ನಿಂತ ಒಂದು ಕುರಿಯನ್ನು ಹಾರಿ ತಿನ್ನುವುದು ಬಿಟ್ಟು, ತುಂಬ ಯೋಚಿಸಿದವಳಂತೆ ಮಾಡಿ, ಹುಲಿಯನ್ನು ಗೆರೆಯ ತುದಿಗೆ ತಂದು ನಿಲ್ಲಿಸಿದೆ. ಅವರ ಎಡಗೈ ಬೀಜದ ಮೇಲೆ ಬಹಳ ಹೊತ್ತು ನಿಂತಿತು.

“ಮ್ಯಾಲಿಂದು... ತಿನ್ನಬಹುದಿತ್ತಲ್ರಿ,” ಎಂದರು.

“ಹೌದಾ? ನೋಡಲೇ ಇಲ್ಲ ತಾತ.”

ಅವರು ತಲೆ ಎತ್ತಿ ನನ್ನನ್ನು ನೋಡಿದರು. ನಾನು ಗೆರೆಗಳನ್ನೇ ನೋಡುತ್ತಿದ್ದೆ. ಆಗ ಗಮನಿಸಿದೆ: ಅವರಿಗೆ ಕೈ ಎಟುಕಲೆಂದು ಕಟ್ಟೆಯಿಂದ ಕೆಳಗಿಳಿದು, ನೆಲಕ್ಕೆ ಮೊಣಕಾಲೂರಿ ಕೂತಿದ್ದೆ. ಯಾವಾಗ ಹಾಗೆ ಕೂತೆನೋ ನೆನಪಿಲ್ಲ.

“ಈಗ ಬಂತು ನೋಡ್ರಿ,” ಎಂದರು ತಡೆದು ತಡೆದು, “ನಿಮಗ ಆಡಾಕ.”

ಹೇಳಿ, ಎಡಗೈಯಿಂದ ಕುರಿಯನ್ನು ಸರಿಸಿ ನನ್ನ ಹುಲಿಯನ್ನು ಕಟ್ಟಿದರು. ಆ ಆಟ ಅವರು ಗೆದ್ದರು. ಬಳ್ಳಾರಿಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಅವರೇ ಬೀಜಗಳನ್ನು ನನ್ನ ಕಡೆ ತಳ್ಳಿದರು. ಇನ್ನೊಂದು ಹೂಡಿದೆ.